ಮೊಣಕೈ ಬೀಳದ ಹಾಗೆ

ಬಾಲ್‌ರೂಮ್ ಡ್ಯಾನ್ಸ್ ಕ್ಲಾಸಿನ ಮೊದಲ ದಿನ, ನನ್ನ ಜೋಡಿಯಾಗಿ ಕುಣಿಯಬೇಕಿದ್ದ ಆ ಹಿರಿಯರ ಎದುರು ನಿಂತಾಗ ನಮ್ಮಿಬ್ಬರ ಮಧ್ಯೆ ಒಂದು ಎಮ್ಮೆ ಆರಾಮಾಗಿ ದಾಟಿ ಹೋಗುವಷ್ಟು ಜಾಗವಿತ್ತು. ಕೈಗೆ ಕೈ ಎಟುಕಬೇಕಲ್ಲ, ಅದಕ್ಕೆ ನಾನು ಸೊಂಟದಿಂದ ಮುಂದಕ್ಕೆ ಬಾಗಿದ್ದೆ. ಕಾಲು ಹಿಂದೆ, ತಲೆ ಮುಂದೆ, ಬಾವಿಗೆ ಇಣುಕುವವರ ಹಾಗೆ. ಟೀಚರ್ ಬಂದು ನನ್ನ ಸುತ್ತ ಒಂದು ಸುತ್ತು ಹಾಕಿದರು. "ನೀನು ಒಳಗೆ ಬಂದಿದ್ದೀಯಾ, ಇಲ್ಲಾ ಇನ್ನೂ ಬಾಗಿಲಲ್ಲೇ ನಿಂತಿದ್ದೀಯಾ, ಲವ್?" ಅಂದರು. ಇಲ್ಲಿ ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಬಸ್ ಡ್ರೈವರೂ 'ಲವ್' ಅಂತಾನೆ, ತರಕಾರಿ ಅಂಗಡಿಯವಳೂ ಅಂತಾಳೆ. ನಮ್ಮಲ್ಲಿ 'ಕಣಮ್ಮ' ಅಂದ ಹಾಗೆ, ಅಷ್ಟೇ.

ನಾನು ಹುಟ್ಟಿದ್ದು, ಓದಿದ್ದು ಹಾಸನ. ಈ ಕಡೆ ಬಂದು ಹನ್ನೊಂದು ವರ್ಷ ಆಯಿತು. ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವ ಕೆಲಸ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕತ್ತು ಹಿಡಿದುಕೊಂಡು ಎಡಕ್ಕೆ ತಿರುಗದೇ ಹೋಯಿತು. ಆಗ ಆಫೀಸಿನ ಗೆಳತಿಯೊಬ್ಬಳು, ಮಾತ್ರೆ ನುಂಗಿದ್ದು ಸಾಕು ಬಾ ಅಂತ, ತನ್ನ ಬುಧವಾರದ ಬಾಲ್‌ರೂಮ್ ಕ್ಲಾಸಿಗೆ ಎಳೆದುಕೊಂಡು ಹೋದಳು. ಕ್ಲಾಸು ನಡೆಯೋದು ಚರ್ಚಿನ ಹಾಲ್‌ನಲ್ಲಿ. ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತಿ ಇಟ್ಟಿರುತ್ತಾರೆ. ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅರವತ್ತು ದಾಟಿದವರು. ನಮ್ಮ ಯಜಮಾನರು ಮೊದಲ ಮೂರು ವಾರ ಡ್ರೈವರ್ ಆಗಿ ಬಂದು ಮೂಲೆಯಲ್ಲಿ ಫೋನ್ ನೋಡುತ್ತಾ ಕೂತಿದ್ದರು. ನಾಲ್ಕನೇ ವಾರ ಗಂಡಸರು ಕಮ್ಮಿ ಬಿದ್ದರು ಅಂತ ಅವರನ್ನೂ ಎಬ್ಬಿಸಿದರು.

ಹೆಜ್ಜೆ ಕಲಿಸುತ್ತಾರೆ ಅಂದುಕೊಂಡು ಹೋದವಳು ನಾನು. ಮೊದಲ ತಿಂಗಳು ಸುಮ್ನೆ ನಿಂತೆ. ನಿಲ್ಲೋದರಲ್ಲಿ ಅಷ್ಟೊಂದು ಇದೆ ಅಂತ ನನಗೆ ಗೊತ್ತಿರಲಿಲ್ಲ.

ಇಬ್ಬರೂ ಎದುರುಬದುರು, ಆದರೆ ಮೂಗಿಗೆ ಮೂಗು ಅಲ್ಲ. ಹೆಂಗಸು ಅರ್ಧ ಮೈಯಷ್ಟು ಗಂಡಸಿನ ಬಲಕ್ಕೆ ಸರಿದು ನಿಲ್ಲಬೇಕು. ಅವನ ಬಲಗಾಲು ಮುಂದಿಟ್ಟರೆ ಇವಳ ಎರಡು ಕಾಲಿನ ನಡುವೆ ಬರಬೇಕು. ಇಲ್ಲದಿದ್ದರೆ ಮೊದಲ ಹೆಜ್ಜೆಗೇ ಮಂಡಿಗೆ ಮಂಡಿ ಬಡಿಯುತ್ತದೆ. ಅವನ ಬಲಗೈ ಇವಳ ಬೆನ್ನಿನ ಎಡಗಡೆ, ರೆಕ್ಕೆಯ ಹಾಗೆ ಚಾಚಿರುತ್ತದಲ್ಲ ಆ ಎಲುಬಿನ ಮೇಲೆ. ಇವಳ ಎಡಗೈ ಅವನ ಬಲದೋಳಿನ ಮೇಲೆ, ಭುಜದ ಉಬ್ಬು ಮುಗಿಯುವಲ್ಲಿ. ಇನ್ನೊಂದು ಜೊತೆ ಕೈ ಪಕ್ಕಕ್ಕೆ ಚಾಚಿ ಕೂಡಿಕೊಂಡಿರುತ್ತದೆ. ಅದರ ಎತ್ತರ, ಇಬ್ಬರಲ್ಲಿ ಯಾರು ಕುಳ್ಳಗಿದ್ದಾರೋ ಅವರ ಕಣ್ಣಿನ ಮಟ್ಟ. ಹೆಂಗಸಿನ ತಲೆ ಎಡಕ್ಕೆ ತಿರುಗಿ ಗಂಡಸಿನ ಬಲಭುಜದ ಮೇಲಿಂದ ಆಚೆ ನೋಡುತ್ತಿರುತ್ತದೆ. ಪಕ್ಕೆಲುಬಿನ ಕೆಳಗಿಂದ ತೊಡೆಯ ಮೇಲ್ಭಾಗದವರೆಗೆ ಇಬ್ಬರ ಮೈ ತಾಗಿರುತ್ತದೆ. ಹೌದು, ತಾಗಿರುತ್ತದೆ. ಇಷ್ಟೆಲ್ಲ ಸೇರಿ ಆಗುವ ಆಕಾರಕ್ಕೆ ಫ್ರೇಮ್ ಅನ್ನುತ್ತಾರೆ. ಚೌಕಟ್ಟು. ಬಾಗಿಲಿಗಿರುವ ಹಾಗೆ ಇದಕ್ಕೂ ಮೂಲೆಗಳಿವೆ, ಆ ಮೂಲೆಗಳೇ ಮೊಣಕೈ. ಒಂದು ಮೂಲೆ ಇಳಿದರೆ ಇಡೀ ಚೌಕಟ್ಟು ಸೊಟ್ಟ.

ತಾಗಿರುತ್ತದೆ ಅನ್ನುವಲ್ಲೇ ನಾನು ಎರಡು ತಿಂಗಳು ಸಿಕ್ಕಿಹಾಕಿಕೊಂಡಿದ್ದೆ. ಕ್ಲಾಸಿನಲ್ಲಿ ಎರಡೆರಡು ಹಾಡಿಗೆ ಜೋಡಿ ಬದಲಾಯಿಸುತ್ತಾರೆ. ಪರ ಗಂಡಸಿನ ಹೊಟ್ಟೆಗೆ ಹೊಟ್ಟೆ ಕೊಟ್ಟು ನಿಲ್ಲೋದು ಅಂದರೆ ನನ್ನ ಮೈಗೆ ಒಪ್ಪಲೊಲ್ಲದು. ಮನಸ್ಸು ಒಪ್ಪಿದರೂ ಸೊಂಟ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ನಮ್ಮವರು ಮಾತ್ರ ಹೀಗೆ ಅಂದುಕೊಂಡು ನಾಚಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇವರೂ ಏನು ಕಮ್ಮಿ ಇರಲಿಲ್ಲ ಅಂತ. ವಾಲ್ಟ್ಸ್ ಅನ್ನುವ ಜೋಡಿ ಕುಣಿತ ಯುರೋಪಿನಿಂದ ಇಲ್ಲಿಗೆ ಬಂದ ಹೊಸತರಲ್ಲಿ, 1816ರಲ್ಲಿ, ಅರಮನೆಯ ಕೂಟದಲ್ಲೇ ಅದನ್ನು ಕುಣಿದರು ಅಂತ ಲಂಡನ್ನಿನ ದಿ ಟೈಮ್ಸ್ ಪತ್ರಿಕೆ ಉಗಿದು ಬರೆದಿತ್ತು. ಅಸಭ್ಯವಾದ ಪರದೇಶಿ ಕುಣಿತ, ಮರ್ಯಾದಸ್ಥರ ಹೆಣ್ಣುಮಕ್ಕಳಿಗಲ್ಲ ಅನ್ನುವ ಧಾಟಿಯಲ್ಲಿ. ಇದನ್ನು ಓದಿದ ಮೇಲೆ ನನ್ನ ಸೊಂಟದ ಮೇಲೆ ನನಗೆ ಸ್ವಲ್ಪ ಕನಿಕರ ಬಂತು.

ಒಂದು ವಿಷಯದಲ್ಲಿ ಮಾತ್ರ ನಾನು ಕ್ಲಾಸಿಗೇ ಫಸ್ಟು. ನನ್ನ ಮೊಣಕೈ ಬೀಳುತ್ತಿರಲಿಲ್ಲ.

ಹಾಸನದಲ್ಲಿ ಏಳು ವರ್ಷ ಭರತನಾಟ್ಯ ಕಲಿತಿದ್ದೆ. ರಂಗಪ್ರವೇಶದವರೆಗೆ ಹೋಗಲಿಲ್ಲ. ಪಿಯುಸಿ ಬಂತು, ಡ್ಯಾನ್ಸ್ ನಿಂತಿತು. ಎಲ್ಲರ ಮನೆ ಕತೆ, ಅಲ್ವಾ? ಭರತನಾಟ್ಯದಲ್ಲಿ ನಾಟ್ಯಾರಂಭೆ ಅಂತ ಒಂದು ಭಂಗಿ ಇದೆ. ಎರಡೂ ತೋಳು ಪಕ್ಕಕ್ಕೆ ಚಾಚಿ, ಮೊಣಕೈ ಭುಜದ ಮಟ್ಟಕ್ಕೆ ನಿಲ್ಲಿಸಿ, ಬೆನ್ನು ನೆಟ್ಟಗೆ ಇಟ್ಟುಕೊಳ್ಳಬೇಕು. ಅಡವು ಮುಗಿಯುವವರೆಗೂ ಆ ತೋಳು ಇಳಿಯಬಾರದು. ನಮ್ಮ ಮಿಸ್ ತಾಳ ತಟ್ಟುವ ಕೋಲು ಹಿಡಿದು ನೆಲದ ಮೇಲೆ ಕೂತಿರುತ್ತಿದ್ದರು. ಯಾರ ಮೊಣಕೈ ಇಳಿಯಿತೋ ಅವರ ಮೊಣಕೈ ಕೆಳಗೆ ಕೋಲಿನ ತುದಿ ಬರುತ್ತಿತ್ತು. ಹೊಡೆಯುತ್ತಿರಲಿಲ್ಲ. ತಾಗಿಸುತ್ತಿದ್ದರು, ಅಷ್ಟೇ. ಹೊಡೆದಿದ್ದರೆ ಇಷ್ಟು ವರ್ಷ ನೆನಪಿರುತ್ತಿತ್ತೋ ಇಲ್ಲವೋ.

ಹಾಗಾಗಿ ಇಲ್ಲಿ ಟೀಚರ್ ಎಲ್ಲರನ್ನೂ ಕರೆದು, "ಇವಳ ಮೊಣಕೈ ನೋಡಿ" ಅಂದಾಗ ನಾನು ಉಬ್ಬಿಹೋದೆ. ಉಬ್ಬು ಒಂದು ನಿಮಿಷ ಇತ್ತೋ ಏನೋ. "ಈಗ ಪಾದ ನೋಡಿ" ಅಂದರು. ನನ್ನ ಪಾದಗಳು ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿದ್ದವು. ಅರೆಮಂಡಿಯ ಅಭ್ಯಾಸ. ಭರತನಾಟ್ಯದಲ್ಲಿ ಪಾದ ಹೊರಕ್ಕೆ ತಿರುಗಿ, ಮಂಡಿ ಪಕ್ಕಕ್ಕೆ ಬಾಗಬೇಕು. ಇಲ್ಲಿ ಎರಡೂ ಪಾದ ರೈಲು ಹಳಿಯ ಹಾಗೆ ನೇರ.

ಇದಕ್ಕೊಂದು ಕಾರಣ ಇದೆ, ಟೀಚರ್ ಟೀ ಕುಡಿಯುತ್ತಾ ಹೇಳಿದ್ದು. ಹಿಂದೆ ಇಲ್ಲಿಯ ಡ್ಯಾನ್ಸ್ ಮೇಷ್ಟ್ರುಗಳೂ ಬ್ಯಾಲೆಯ ಹಾಗೆ ಪಾದ ಹೊರಕ್ಕೆ ತಿರುಗಿಸಿಯೇ ಕಲಿಸುತ್ತಿದ್ದರಂತೆ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದಿಂದ ಜಾಜ್ ಬಂತು. ಹುಡುಗರು ಹುಡುಗಿಯರು ಪಾಠ ಕಲಿಯದೆ, ಬೀದಿಯಲ್ಲಿ ನಡೆಯುವ ಹಾಗೇ ನಡೆಯುತ್ತಾ ಕುಣಿಯತೊಡಗಿದರು. ಮೇಷ್ಟ್ರುಗಳು ಗಾಬರಿಯಾಗಿ 1920ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿದರು. 1922ರ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ವಿಕ್ಟರ್ ಸಿಲ್ವೆಸ್ಟರ್ ಅಂಥವರು ಸೇರಿಕೊಂಡು, 1924ರಲ್ಲಿ ಇಂಪೀರಿಯಲ್ ಸೊಸೈಟಿ ಅನ್ನುವ ಮೇಷ್ಟ್ರುಗಳ ಸಂಘದಲ್ಲಿ ಬಾಲ್‌ರೂಮಿಗೇ ಒಂದು ಶಾಖೆ ಮಾಡಿ, ಹೆಜ್ಜೆ, ನಿಲುವು, ಹಿಡಿತ ಎಲ್ಲಕ್ಕೂ ಒಂದು ಕ್ರಮ ಹಾಕಿದರು. ಕ್ರಮ ಹಾಕಿದ್ದು ನಡಿಗೆಯ ಮೇಲೆ. ಅಂದರೆ ಹುಡುಗರೇ ಗೆದ್ದರು ಅಂತ ಲೆಕ್ಕ. ಇವತ್ತು ಜಗತ್ತಿನ ಸ್ಪರ್ಧೆಗಳಲ್ಲಿ ನೋಡುವ ವಾಲ್ಟ್ಸ್, ಟ್ಯಾಂಗೊ, ಸ್ಲೋ ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಎಲ್ಲಾ ಈ ಕ್ರಮದ್ದೇ ಮಕ್ಕಳು.

ಪಾದ ಸರಿ ಮಾಡಿಕೊಂಡೆ. ಆಮೇಲೆ ಬಂತು ದೊಡ್ಡ ಬೈಗುಳ. "ನಿನ್ನ ಕೈ ತುಂಬಾ ಚೆನ್ನಾಗಿದೆ. ಆದರೆ ಅದು ಗೋಡೆಗೆ ಹಾಕಿದ ಫೋಟೋ."

ಅವರು ಹೇಳಿದ್ದು ಸರಿ. ಭರತನಾಟ್ಯದಲ್ಲಿ ನಾನು ಒಬ್ಬಳೇ. ನನ್ನ ತೋಳು ನೋಡುವವರಿಗಾಗಿ. ಇಲ್ಲಿ ತೋಳು ಇರೋದು ಕೇಳಿಸಿಕೊಳ್ಳೋದಕ್ಕೆ. ಗಂಡಸು ತನ್ನ ಎದೆ ಸ್ವಲ್ಪ ಬಲಕ್ಕೆ ತಿರುಗಿಸಿದ ಅಂದರೆ ಅದು ಅವನ ತೋಳಿಗೆ ಬಂದು, ಅಲ್ಲಿಂದ ನನ್ನ ಬೆನ್ನಿಗೆ ಬಂದು, ಕಾಲಿಗೆ ಇಳಿಯಬೇಕು. ಮಧ್ಯೆ ಎಲ್ಲಾದರೂ ತೋಳು ಸಡಿಲ ಆದರೆ ಸುದ್ದಿ ಅಲ್ಲೇ ಕಳೆದುಹೋಗುತ್ತದೆ. ಬಿಗಿ ಆದರೂ ಅಷ್ಟೇ, ಗೋಡೆಗೆ ಹೇಳಿದ ಹಾಗೆ. ಅಜ್ಜಿ ಊರಿನಲ್ಲಿ ಗಾಡಿ ಹೂಡುವಾಗ ನೋಡಿದ್ದು ನೆನಪಾಯಿತು. ನೊಗ ಸರಿಯಾಗಿ ಕೂತಿದ್ದರೆ ಬಲದ ಎತ್ತು ಹೊರಳಿದ್ದು ಎಡದ ಎತ್ತಿಗೆ ಕತ್ತಲ್ಲೇ ಗೊತ್ತಾಗುತ್ತದೆ. ನೊಗ ಜಾರಿದರೆ ಒಂದು ರಸ್ತೆಗೆ, ಒಂದು ಬೇಲಿಗೆ. ಮನೆಗೆ ಬರುವಾಗ ಕಾರಿನಲ್ಲಿ ಇದನ್ನು ಇವರಿಗೆ ಹೇಳಿದೆ.

"ಅಂದ್ರೆ ನನ್ನನ್ನ ಎತ್ತು ಅಂದ್ಯಾ?"

"ಇಬ್ಬರನ್ನೂ ಅಂದೆ ಕಣ್ರೀ."

(ಬಾಲ್‌ರೂಮ್ ಅಂದರೆ ಸಂಸಾರ ಇದ್ದ ಹಾಗೆ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತೇನೆ. ಸಂಸಾರದಲ್ಲಿ ಮೂರು ನಿಮಿಷಕ್ಕೆ ಹಾಡು ಮುಗಿಯಲ್ಲ.)

ಟೀಚರ್ ಒಂದು ಆಟ ಆಡಿಸುತ್ತಾರೆ. ಇಬ್ಬರ ಪಕ್ಕೆಲುಬಿನ ಮಧ್ಯೆ ಒಂದು ಹಾಳೆ ಇಟ್ಟು ನಡೆಯಿರಿ ಅನ್ನುತ್ತಾರೆ. ಕೈ ಹಿಡಿಯೋ ಹಾಗಿಲ್ಲ. ನಮ್ಮಿಬ್ಬರ ಹಾಳೆ ಮೂರನೇ ಹೆಜ್ಜೆಗೆ ನೆಲದ ಮೇಲೆ. ಬಿದ್ದಿದ್ದು ಯಾಕೆ ಅಂತ ನೋಡಿದರೆ, ಅವರು ಬರುವ ಮೊದಲೇ ನಾನು ಹಿಂದಕ್ಕೆ ಹೊರಟಿರುತ್ತಿದ್ದೆ. ಮುಂದೇನು ಅಂತ ಊಹೆ ಮಾಡಿ ಓಡುವ ಬುದ್ಧಿ. ಆಫೀಸಿನಲ್ಲಿ ಇದಕ್ಕೆ ಶಹಬ್ಬಾಸ್ ಅನ್ನುತ್ತಾರೆ. ಇಲ್ಲಿ ಹಾಳೆ ಬೀಳುತ್ತದೆ. ಅವರ ತಪ್ಪೂ ಇತ್ತು. ಅವರು ಎದೆ ಬಿಟ್ಟು ಬರೀ ಕಾಲು ಮುಂದಿಡುತ್ತಿದ್ದರು, ಚಳಿಯಲ್ಲಿ ನೀರಿಗಿಳಿಯುವವರ ಹಾಗೆ.

ಇನ್ನು ನಿಲುವಿನ ವಿಷಯ. ನಿಲುವು ಅನ್ನುವ ಮಾತು ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ನಿಲ್ಲುವ ರೀತಿಗೂ ಅದೇ, ಒಂದು ವಿಷಯದಲ್ಲಿ ನಮಗಿರುವ ಅಭಿಪ್ರಾಯಕ್ಕೂ ಅದೇ. ಹೈಸ್ಕೂಲಿನ ವಯಸ್ಸಿನಲ್ಲಿ ನನಗೆ ಎರಡೂ ಇರಬಾರದು ಅಂತ ಇತ್ತು. ಎಂಟನೇ ಕ್ಲಾಸಿನಲ್ಲಿ ಒಂದೇ ವರ್ಷಕ್ಕೆ ಗಿಡದ ಹಾಗೆ ಬೆಳೆದುಬಿಟ್ಟೆ. ಕ್ಲಾಸಿನ ಹುಡುಗರಿಗಿಂತ ಎತ್ತರ. ಆವತ್ತಿನಿಂದ ಪುಸ್ತಕ ಎದೆಗೆ ಅವುಚಿಕೊಂಡು, ಭುಜ ಮುಂದಕ್ಕೆ ಮಡಚಿ, ನೆಲ ನೋಡಿಕೊಂಡು ನಡೆಯಲು ಕಲಿತೆ. ಯಾರೂ ಕೂರಿಸಿ ಕಲಿಸಲಿಲ್ಲ. ನನ್ನ ಜೊತೆಯ ಹುಡುಗಿಯರೆಲ್ಲ ಹಾಗೇ ನಡೆಯುತ್ತಿದ್ದರು. ಮನೆಯಲ್ಲಿ ಅಜ್ಜಿ, "ಏನೇ ಅದು ಗೂನು ಹಾಕ್ಕೊಂಡು ಕೂತಿದ್ದೀಯ, ನೆಟ್ಟಗೆ ಕೂರು" ಅನ್ನೋರು. ಅದೇ ಅಜ್ಜಿ ಬೀದಿಗೆ ಬಂದರೆ, "ಎದೆ ಸೆಟೆಸ್ಕೊಂಡು ನಡೀಬೇಡ, ಜನ ನೋಡ್ತಾರೆ" ಅನ್ನೋರು. ಡ್ಯಾನ್ಸ್ ಕ್ಲಾಸಿನಲ್ಲಿ ಒಂದು ಗಂಟೆ ಬೆನ್ನು ನೆಟ್ಟಗೆ. ಕ್ಲಾಸ್ ಮುಗಿದು ವೇಲ್ ಹೊದ್ದ ತಕ್ಷಣ ಅದು ಕೊಡೆಯ ಹಾಗೆ ತಾನೇ ಮಡಚಿಕೊಳ್ಳುತ್ತಿತ್ತು. ಕತ್ತು ಹಿಡಿದಿದ್ದು ಲ್ಯಾಪ್‌ಟಾಪಿನಿಂದ ಅಂತ ಎಲ್ಲರಿಗೂ ಹೇಳುತ್ತೇನೆ. ಪಾಪ, ಲ್ಯಾಪ್‌ಟಾಪ್ ಬಂದಿದ್ದು ಆಮೇಲೆ.

ಹಾಗಾಗಿ ಇಲ್ಲಿ ಎದೆ ಎತ್ತು ಅಂದಾಗ ನಾನು ಮಾಡಿದ ಮೊದಲ ತಪ್ಪು, ನಿಜವಾಗಿಯೂ ಎದೆ ಎತ್ತಿದ್ದು. ಪಕ್ಕೆಲುಬು ಮುಂದಕ್ಕೆ ತಳ್ಳಿಕೊಂಡಿತು, ಸೊಂಟದ ಹತ್ತಿರ ಬೆನ್ನು ಹಳ್ಳ ಬಿತ್ತು, ಭುಜ ಕಿವಿಗೆ ಹತ್ತಿತು. ಎನ್‌ಸಿಸಿ ಪೆರೇಡು. ಟೀಚರ್ ಒಂದು ಬೆರಳನ್ನು ನನ್ನ ಪಕ್ಕೆಲುಬಿನ ಮೇಲೆ ಒತ್ತಿ ಒಳಗೆ ಕಳಿಸಿದರು. "ದೊಡ್ಡವಳಾಗಬೇಡ, ಉದ್ದ ಆಗು." ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಹಿಮ್ಮಡಿ, ಕುಂಡೆ, ಬೆನ್ನಿನ ಮೇಲ್ಭಾಗ, ತಲೆಯ ಹಿಂಭಾಗ ನಾಲ್ಕೂ ತಾಗಬೇಕು, ಗದ್ದ ಮೇಲೇಳಬಾರದು. ನನಗೆ ಮೊದಲ ಮೂರು ತಾಗಿದವು. ತಲೆ ಮಾತ್ರ ಗೋಡೆಯಿಂದ ನಾಲ್ಕು ಬೆರಳು ಮುಂದೆ. ಇವರದು ಅಂಗೈ ಅಗಲ. ದೊಡ್ಡವರ ತಲೆ ಸುಮಾರು ಐದು ಕಿಲೋ ತೂಗುತ್ತದೆ. ಅದು ಮುಂದಕ್ಕೆ ಜೋತುಬಿದ್ದಿದ್ದರೆ ಅಷ್ಟೂ ಭಾರ ಕತ್ತಿಗೆ. ಬಾಲ್‌ರೂಮಿನಲ್ಲಿ ನನ್ನ ತಲೆಯ ಭಾರ ನನ್ನದೊಂದೇ ಅಲ್ಲ. ಕಾಲು ನೋಡಿಕೊಳ್ಳಲು ನಾನು ಕೆಳಗೆ ಬಗ್ಗಿದೆ ಅಂದರೆ, ಎದುರಿಗಿರುವವನ ತೋಳಿಗೆ ಐದು ಕಿಲೋ ಅಕ್ಕಿ ಚೀಲ ನೇತುಹಾಕಿದ ಹಾಗೆ.

ನೆಟ್ಟಗೆ ಅಂದರೆ ಸೆಟೆದುಕೊಳ್ಳೋದು ಅಲ್ಲ ಅನ್ನೋದು ನನಗೆ ತಲೆಗೆ ಹತ್ತಿದ್ದು ಬೇರೆ ಕಡೆಯಿಂದ. ಅಜ್ಜಿ ಊರಿನಲ್ಲಿ ಹೆಂಗಸರು ತಲೆ ಮೇಲೆ ಸಿಂಬೆ ಇಟ್ಟು, ಸಿಂಬೆ ಮೇಲೆ ಕೊಡ ಇಟ್ಟು, ಕಂಕುಳಲ್ಲಿ ಇನ್ನೊಂದು ಬಿಂದಿಗೆ ಹಿಡಿದು ಬರುತ್ತಿದ್ದರು. ಮಾತು ನಡೆದಿರುತ್ತಿತ್ತು, ನಗು ನಡೆದಿರುತ್ತಿತ್ತು, ಸೊಂಟ ಆ ಕಡೆ ಈ ಕಡೆ ಆಡುತ್ತಿತ್ತು. ಕೊಡದ ನೀರು ತುಳುಕುತ್ತಿರಲಿಲ್ಲ. ಕತ್ತು ಮರಗಟ್ಟಿದ್ದರೆ ಮೊದಲ ಕಲ್ಲು ಎಡವಿದಾಗಲೇ ಕೊಡ ಕೆಳಗೆ ಬರುತ್ತಿತ್ತು. ಮೇಲೆ ಸುಮ್ಮನೆ, ಕೆಳಗೆ ಓಡಾಟ. ವಾಲ್ಟ್ಸ್‌ನಲ್ಲೂ ಇಷ್ಟೇ. ನಿಮಿಷಕ್ಕೆ ಇಪ್ಪತ್ತೆಂಟರಿಂದ ಮೂವತ್ತು ಆವರ್ತ, ಒಂದೊಂದಕ್ಕೆ ಮೂರು ಎಣಿಕೆ. ನನ್ನ ತಲೆಯಲ್ಲಿ ಈಗಲೂ ಒನ್ ಟೂ ತ್ರೀ ಬರೋದಿಲ್ಲ, ತಕಿಟ ತಕಿಟ ಅಂತಲೇ ಬರೋದು. 'ತ' ಮುಗಿಯುತ್ತಾ ಏಳಲು ಶುರು, 'ಟ' ಮುಗಿಯುತ್ತಾ ಇಳಿ. ಏಳೋದು ಇಳಿಯೋದು ಎಲ್ಲ ಪಾದ, ಮಂಡಿಗಳಲ್ಲಿ. ಭುಜಕ್ಕೆ ಗೊತ್ತೇ ಆಗಬಾರದು.

ಮನೆಯಲ್ಲಿ ಅಭ್ಯಾಸಕ್ಕೆ ನಾನು ಮಾಡುವುದು ಒಂದೇ. ಅನ್ನಕ್ಕಿಟ್ಟು, ಒಂದು ಹಾಡು ಹಾಕಿ, ಮುಗಿಯುವವರೆಗೂ ಖಾಲಿ ಫ್ರೇಮ್ ಹಿಡಿದು ಅಡುಗೆಮನೆಯಲ್ಲಿ ನಿಲ್ಲೋದು. ಒಂದೂವರೆ ನಿಮಿಷಕ್ಕೆ ತೋಳು ಉರಿಯಲು ಶುರುವಾದರೆ ಭುಜದಿಂದ ಎತ್ತಿದ್ದೇನೆ ಅಂತ ಅರ್ಥ. ಕಂಕುಳ ಕೆಳಗೆ, ಬೆನ್ನಿನ ಬದಿಗಳಲ್ಲಿ ಬಿಸಿ ಹತ್ತಿದರೆ ಸರಿಯಾಗಿದೆ. ಕುಕ್ಕರ್ ಮೂರನೇ ಸೀಟಿ ಹೊಡೆದರೆ ಮಾತ್ರ ಫ್ರೇಮ್ ಮುರಿಯಲು ಅನುಮತಿ. ಟಿವಿಯಲ್ಲಿ ಬರುವ ಜೋಡಿಗಳ ಹಾಗೆ ಹಿಂದಕ್ಕೆ ಬಳ್ಳಿಯಂತೆ ಬಾಗುವ ಆಸೆ ನನಗೂ ಇತ್ತು. ಆದರೆ ಅದು ಸ್ಪರ್ಧೆಯವರ ಕೆಲಸ, ನಮ್ಮಂಥವರು ಮಾಡಹೋದರೆ ಬೆನ್ನಿನ ಮೇಲ್ಭಾಗದ ಬದಲು ಸೊಂಟದಿಂದ ಬಾಗಿ ಎದುರಿನವನ ತೋಳಿಗೆ ಜೋತುಬೀಳುತ್ತೇವೆ.

ಕಳೆದ ಅಕ್ಟೋಬರ್‌ನಲ್ಲಿ ಇಡೀ ಕ್ಲಾಸ್ ಬಸ್ ಮಾಡಿಕೊಂಡು ಬ್ಲ್ಯಾಕ್‌ಪೂಲಿಗೆ ಹೋದೆವು. 1920ರಿಂದ ನಡೆಯುತ್ತಿರುವ ದೊಡ್ಡ ಡ್ಯಾನ್ಸ್ ಹಬ್ಬ ಆಗೋದು ಅಲ್ಲಿಯ ವಿಂಟರ್ ಗಾರ್ಡನ್ಸ್‌ನಲ್ಲಿ. ನಾವು ಹೋಗಿದ್ದು ಅಲ್ಲಿಗಲ್ಲ, ಸಮುದ್ರದ ದಂಡೆಯ ಟವರ್ ಬಾಲ್‌ರೂಮಿಗೆ. ಅಲ್ಲಿ ಟಿಕೆಟ್ ತಗೊಂಡು ಯಾರು ಬೇಕಾದರೂ ಮಧ್ಯಾಹ್ನ ಟೀ ಕುಡಿದು ಕುಣಿಯಬಹುದು. 1899ರಲ್ಲಿ ಕಟ್ಟಿದ್ದು. 1956ರಲ್ಲಿ ಬೆಂಕಿ ಬಿದ್ದು ನೆಲ ಹಾಳಾಗಿ, ಮತ್ತೆ ಸರಿ ಮಾಡಿದ್ದಾರೆ. ನೆಲಕ್ಕೆ ಮಹಾಗನಿ, ಓಕ್, ವಾಲ್‌ನಟ್ ಮರದ 30,602 ತುಂಡು ಕೂಡಿಸಿದ್ದಾರಂತೆ. ವೇದಿಕೆ ಮೇಲೆ ವುರ್ಲಿಟ್ಜರ್ ಕಂಪನಿಯ ಆರ್ಗನ್ ವಾದ್ಯ. ಹಿಂದೆ ಇಲ್ಲಿ, ಜೊತೆಗೆ ಹೆಂಗಸಿಲ್ಲದೆ ಗಂಡಸರು ಕುಣಿಯುವ ಹಾಗಿಲ್ಲ ಅಂತ ನಿಯಮವೇ ಇತ್ತಂತೆ.

ಹೋಗುವಾಗ ಬಸ್ಸಿನಲ್ಲಿ ನನ್ನ ಗೆಳತಿ ಪಕ್ಕ ಕೂತಿದ್ದೆ. ಮೊದಲ ದಿನ ನನ್ನ ಜೊತೆ ನಿಂತಿದ್ದರಲ್ಲ, ಆ ಹಿರಿಯರ ಬಗ್ಗೆ ದೂರು ಹೇಳಿದೆ. "ತುಂಬಾ ಚೆನ್ನಾಗಿ ಕುಣೀತಾರೆ, ಆದರೆ ಎಡಗೈ ಕೆಳಗೆ ಹಿಡೀತಾರೆ. ನನ್ನ ಕುತ್ತಿಗೆ ಹತ್ತಿರ ಬರುತ್ತೆ. ಎಲ್ಲರಿಗೂ ಹೇಳೋ ಟೀಚರ್ ಅವರಿಗೆ ಯಾಕೆ ಹೇಳಲ್ಲ?" ಅವಳು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದಳು. ಅವರು ನಲವತ್ತು ವರ್ಷದ ಮೇಲೆ ಹೆಂಡತಿ ಜೊತೆಗೇ ಕುಣಿದವರಂತೆ, ಇದೇ ಟೀಚರ್ ಹತ್ತಿರ. ಆಕೆ ತೀರಿಕೊಂಡು ಮೂರು ಚಳಿಗಾಲ ಆಯಿತಂತೆ. ತುಂಬಾ ಕುಳ್ಳಗಿದ್ದರು ಅಂತ ಗೆಳತಿ ಕೈಯಲ್ಲಿ ಎತ್ತರ ತೋರಿಸಿದಳು.

ಟವರ್ ಬಾಲ್‌ರೂಮಿನಲ್ಲಿ ಮೂರನೇ ವಾಲ್ಟ್ಸ್‌ಗೆ ಅವರು ನಮ್ಮ ಮೇಜಿನ ಹತ್ತಿರ ಬಂದು ನನ್ನನ್ನು ಕರೆದರು. ಯಜಮಾನರು ಸ್ಕೋನ್‌ಗೆ ಜಾಮ್ ಬಳಿಯುತ್ತಿದ್ದರು, ಹೋಗು ಹೋಗು ಅಂತ ಚಾಕುವಿನಲ್ಲೇ ಸನ್ನೆ ಮಾಡಿದರು. ನೆಲದ ಮಧ್ಯೆ ಹೋಗಿ ಎದುರುಬದುರು ನಿಂತೆವು. ಎಮ್ಮೆ ದಾಟುವ ಜಾಗ ಈಗಿರಲಿಲ್ಲ. ಅವರು ಎಡಗೈ ಎತ್ತಿದರು. ಯಾವತ್ತಿನ ಎತ್ತರಕ್ಕೇ ಬಂದು ನಿಂತಿತು. ಇಷ್ಟು ದಿನ ನಾನು ಆ ಕೈಯನ್ನು ನನಗೇ ಗೊತ್ತಿಲ್ಲದೆ ಮೇಲಕ್ಕೆ ತಳ್ಳುತ್ತಿದ್ದೆ. ಆವತ್ತು ತಳ್ಳಲಿಲ್ಲ. ನನ್ನ ಬಲಗೈಯನ್ನು ಅಲ್ಲಿಗೇ ಇಳಿಸಿದೆ. ಮೊಣಕೈಯೂ ಅದರ ಜೊತೆ ಇಳಿಯಿತು.

ಒಂದು ಸುತ್ತು ಮುಗಿಸಿ ನಮ್ಮ ಮೇಜುಗಳ ಹತ್ತಿರ ಬಂದಾಗ ಟೀಚರ್ ಟೀ ಕಪ್ಪು ಹಿಡಿದು ನೆಲದ ಅಂಚಿನಲ್ಲೇ ನಿಂತಿದ್ದರು. ನನ್ನ ಮೊಣಕೈ ನೋಡಿದರು. ಕಪ್ಪನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ನಮ್ಮ ಹಿಂದೆ ಬರುತ್ತಿದ್ದ ಜೋಡಿಗೆ, "ಭುಜ ಇಳಿಸು, ಲವ್" ಅಂದರು.